ಮನಸ್ಸಿನ ಮಾತು, ಫೋನಿನ ಭಾಷೆ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಬಿಳಿಗೆರೆ ಎಂಬ ಊರಿದೆ. ಅದು ಒಂದು ಹೋಬಳಿಯ ಕೇಂದ್ರ. ನಂಜನಗೂಡನ್ನು ಹಾದುಬಂದ ಕಪಿಲಾ ನದಿಯು ಸುತ್ತೂರಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಎರಡು ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ಬೆಳಗಿನ ಹೊತ್ತು ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ನೋಡಿದರೆ, ಎರಡು ಜಡೆ ಹೆಣೆದು, ಬೆನ್ನಿಗೆ ಪುಸ್ತಕದ ಚೀಲ ಏರಿಸಿ, ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡು ಮಾತನಾಡುತ್ತಿರುವ ಹುಡುಗಿಯರ ಗುಂಪು ಕಾಣುತ್ತದೆ. ಆ ಗುಂಪಿನಲ್ಲಿ ಒಬ್ಬಳು ಮಾತ್ರ ಮಾತಿಲ್ಲದೆ ನಿಂತಿದ್ದರೆ ಅವಳಿಗೆ ಮೈ ಸರಿಯಿಲ್ಲವೆಂದು ನಾವು ಭಾವಿಸುತ್ತೇವೆ. ಮೈಗೆ ಬಂದ ಜ್ವರಕ್ಕೆ ಹೆಸರುಂಟು, ಮಾತ್ರೆಯುಂಟು, ಪ್ರಾಥಮಿಕ ಆರೋಗ್ಯ ಕೇಂದ್ರವುಂಟು. ಮನಸ್ಸಿಗೆ ಬಂದ ಕಷ್ಟವನ್ನು ಅವಳು ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು?

ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಕರೆಯುತ್ತದೆ. ಮಾನಸಿಕ ಅನಾರೋಗ್ಯಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿನೊಳಗೇ ಮೊಳೆಯುತ್ತವೆಂಬುದು ಅದೇ ಸಂಸ್ಥೆಯ ಹೇಳಿಕೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದವರ ಪೈಕಿ ಶೇಕಡ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ನಲವತ್ತೈದು ಮಕ್ಕಳ ಒಂದು ತರಗತಿಗೆ ಇದನ್ನು ಅನ್ವಯಿಸಿ ಲೆಕ್ಕ ಹಾಕಿದರೆ ಮೂವರಾಗುತ್ತಾರೆ. ಈ ಕಷ್ಟ ಹುಡುಗರಿಗೆ ಇಲ್ಲವೆಂದಲ್ಲ. ಆದರೆ ಹಳ್ಳಿಯ ಹುಡುಗಿಯ ಬಾಳಿನಲ್ಲಿ ಅದಕ್ಕೆ ಬೇರೆಯ ಕಾರಣಗಳು ಸೇರಿಕೊಳ್ಳುತ್ತವೆ. ಬೆಳಕು ಹರಿಯುವ ಮೊದಲೇ ಕಸ, ಮುಸುರೆ, ನೀರು. ಮೈನೆರೆದ ಮೇಲೆ ಎಲ್ಲಿಗೆ ಹೋದೆ, ಯಾರೊಡನೆ ಮಾತನಾಡಿದೆ ಎಂಬ ಪ್ರಶ್ನೆಗಳು. ಹತ್ತನೆಯ ತರಗತಿ ಮುಗಿದ ಮೇಲೆ ಪಟ್ಟಣದ ಕಾಲೇಜಿಗೆ ಕಳುಹಿಸುವರೋ ಇಲ್ಲವೋ ಎಂಬ ಅಂಜಿಕೆ. ಕೆಲವು ಮನೆಗಳಲ್ಲಿ ಪರೀಕ್ಷೆಗಿಂತ ಮೊದಲೇ ಎದ್ದುಬಿಡುವ ಮದುವೆಯ ಮಾತು. ಇವುಗಳಲ್ಲಿ ಯಾವುದೂ ರೋಗವಲ್ಲ; ಆದರೆ ಇವೆಲ್ಲ ಸೇರಿ ಒಂದು ಎಳೆಯ ಮನಸ್ಸಿನ ಮೇಲೆ ಹೇರುವ ಭಾರ ಸಣ್ಣದಲ್ಲ.

ಮನೋವೈದ್ಯರು ಹಳ್ಳಿಯನ್ನು ಮರೆತರೆಂದು ಹೇಳಿದರೆ ಅನ್ಯಾಯವಾದೀತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ಹಳ್ಳಿಯ ರೋಗಿ ಬೆಂಗಳೂರಿಗೆ ಬರುವುದಕ್ಕಿಂತ ವೈದ್ಯವೇ ಹಳ್ಳಿಗೆ ಹೋಗುವುದು ಮೇಲೆಂದು ಯೋಚಿಸಿದ ಅಲ್ಲಿನ ವೈದ್ಯರು, 1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಸಾಮಾನ್ಯ ಚಿಕಿತ್ಸೆಯ ಜೊತೆಯಲ್ಲಿಯೇ ಮನಸ್ಸಿನ ಚಿಕಿತ್ಸೆಯೂ ದೊರೆಯುವಂತೆ ಏರ್ಪಾಡು ಮಾಡಿದರು. 1996ರಲ್ಲಿ ದೇಶದಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಈ ಬಳ್ಳಾರಿಯ ಪ್ರಯೋಗವೇ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಹದಿಹರೆಯದವರ ಮನಸ್ಸಿನ ಆರೋಗ್ಯವನ್ನೂ ತನ್ನ ಗುರಿಗಳಲ್ಲಿ ಒಂದನ್ನಾಗಿ ಸೇರಿಸಿಕೊಂಡಿತು. ಅದರ ಅಂಗವಾದ ಹದಿಹರೆಯದವರ ಆರೋಗ್ಯ ಕೇಂದ್ರಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಹೆಸರು ಬಂದಿತು.

ಇಷ್ಟಾದರೂ, ಆಸ್ಪತ್ರೆಗೆ ಹುಡುಗಿಯೇ ಹೋಗಬೇಕು. ಅದಕ್ಕೆ ಬಸ್ಸಿನ ಹಣ ಬೇಕು, ಜೊತೆಗೆ ಒಬ್ಬರು ಬೇಕು, ಅರ್ಧ ದಿನದ ಬಿಡುವು ಬೇಕು. ಇವೆಲ್ಲ ಒದಗಿದರೂ, ಆಸ್ಪತ್ರೆಯ ಬಾಗಿಲಲ್ಲಿ ಊರಿನವರೊಬ್ಬರು ಕಂಡು ‘ಏನವ್ವ, ಯಾಕೆ ಬಂದಿದ್ದೀಯೆ?’ ಎಂದು ಕೇಳಿಯೇ ಕೇಳುತ್ತಾರೆ. ಮನಸ್ಸಿನ ವೈದ್ಯರ ಬಳಿಗೆ ಹೋದವರೆಲ್ಲ ಹುಚ್ಚರೆಂಬ ತಪ್ಪು ತಿಳಿವಳಿಕೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮಗಳಿಗೆ ಅಂಥ ಹೆಸರು ಬಂದರೆ ಮುಂದೆ ಗಂಡು ಸಿಕ್ಕುವುದು ಕಷ್ಟವೆಂದು ತಾಯಿ ಹೆದರುತ್ತಾಳೆ. ಹೀಗಾಗಿ ದೂರವೆಂಬುದು ಕೇವಲ ಮೈಲಿಯ ಲೆಕ್ಕವಲ್ಲ.

ಈ ದೂರವನ್ನು ದಾಟಲು ಮೊಬೈಲ್ ಫೋನು ನೆರವಾಗಬಹುದೆಂಬ ಯೋಚನೆ ಬಂದುದು ಸಹಜವೇ ಆಗಿದೆ. ಫೋನಿನಲ್ಲಿ ಮನಸ್ಸಿನ ಸ್ಥಿತಿಯನ್ನು ತಿಳಿಯುವ ಪ್ರಶ್ನಾವಳಿ ಇರಬಹುದು. ಧ್ವನಿಮುದ್ರಿತ ಮಾತು, ಕತೆ, ಆಟ, ಉಸಿರಾಟದ ಅಭ್ಯಾಸಗಳಿರಬಹುದು. ಸಲಹೆಗಾರರೊಡನೆ ಮಾತನಾಡುವ ಸೌಲಭ್ಯವಿರಬಹುದು. ಗೋವೆಯ ‘ಸಂಗಾತ್’ ಎಂಬ ಸಂಸ್ಥೆಯು ಪ್ರೌಢಶಾಲೆಯ ಮಕ್ಕಳಿಗಾಗಿ ‘ಪಾಡ್ ಅಡ್ವೆಂಚರ್ಸ್’ ಎಂಬ ಫೋನಿನ ಆಟವೊಂದನ್ನು ರೂಪಿಸಿತು. ಕತೆಯ ಪಾತ್ರಗಳ ತೊಡಕನ್ನು ಬಿಡಿಸುತ್ತ ಬಿಡಿಸುತ್ತ ಮಕ್ಕಳು ತಮ್ಮದೇ ತೊಡಕನ್ನು ಬಿಡಿಸುವ ಕ್ರಮವನ್ನು ಅದರಲ್ಲಿ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರೊಡನೆ ಸೇರಿ, ಹಳ್ಳಿಯ ಸ್ವಸಹಾಯ ಗುಂಪುಗಳ ಮಹಿಳೆಯರಲ್ಲಿ ಖಿನ್ನತೆಯನ್ನು ಗುರುತಿಸಲು ‘ಮಿತ್ರ’ ಎಂಬ ಆ್ಯಪನ್ನು ಸಿದ್ಧಪಡಿಸಿದರು. ಇಂಥ ಸಾಧನಗಳು ಲೋಕದಲ್ಲಿ ಈಗ ಬೇಕಾದಷ್ಟಿವೆ. ಆದುದರಿಂದ, ಎಲ್ಲಿಯೋ ಸಿದ್ಧವಾದ ಒಂದನ್ನು ತೆಗೆದುಕೊಂಡು ಅದರ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿಬಿಟ್ಟರೆ ಬಿಳಿಗೆರೆಯ ಹುಡುಗಿಗೂ ಒದಗೀತಲ್ಲವೆ ಎಂದು ಕೇಳುವವರಿದ್ದಾರೆ. ತೊಡಕು ಇರುವುದು ಅಲ್ಲಿಯೇ.

ಒಂದು ಉದಾಹರಣೆಯನ್ನು ನೋಡೋಣ. ಖಿನ್ನತೆಯನ್ನು ಅಳೆಯಲು ಲೋಕದಾದ್ಯಂತ ಬಳಕೆಯಲ್ಲಿರುವ ಪಿಎಚ್‌ಕ್ಯೂ–9 ಎಂಬ ಪ್ರಶ್ನಾವಳಿಯೊಂದಿದೆ. ಅಮೆರಿಕದ ವೈದ್ಯರು ರೂಪಿಸಿದ ಈ ಪ್ರಶ್ನಾವಳಿಯ ಪರೀಕ್ಷೆಯ ಫಲ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂಬತ್ತು ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಕಳೆದ ಎರಡು ವಾರಗಳಲ್ಲಿ ಮನಸ್ಸು, ನಿದ್ದೆ, ಊಟ, ಗಮನ ಹೇಗಿದ್ದುವು ಎಂಬುದನ್ನು ಅದು ವಿಚಾರಿಸುತ್ತದೆ. ಒಳ್ಳೆಯ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಏನಾಗುತ್ತದೆ? ಕೆಲಸಗಳಲ್ಲಿ ಸಂತೋಷ ಕಡಮೆಯಾಗಿದೆಯೇ ಎಂದು ಕೇಳಿದರೆ, ಕೆಲಸವೆಂದರೆ ಪಾತ್ರೆ ತೊಳೆಯುವುದು, ದನಕ್ಕೆ ಹುಲ್ಲು ಹಾಕುವುದು ಎಂದು ತಿಳಿದ ಹುಡುಗಿಯು ‘ಅದರಲ್ಲಿ ಸಂತೋಷ ಯಾವತ್ತು ಇತ್ತು?’ ಎಂದು ತಿರುಗಿ ಕೇಳಿಯಾಳು. ತಪ್ಪು ಅವಳದಲ್ಲ. ಅವಳಿಗೆ ಇಷ್ಟವಾದುದನ್ನು ಹೆಸರಿಸಿ ಕೇಳಬೇಕು: ಹಬ್ಬದ ದಿನ ಬಾಗಿಲಿಗೆ ರಂಗೋಲಿ ಹಾಕುವುದು ಈಗ ಬೇಡವೆನಿಸುತ್ತದೆಯೆ? ಗೆಳತಿ ಹೂವು ತಂದರೆ ಮುಡಿಯಲು ಮನಸ್ಸಿಲ್ಲವೆ? ಗಮನದ ಪ್ರಶ್ನೆಗೆ ಮೂಲದಲ್ಲಿ ವೃತ್ತಪತ್ರಿಕೆ ಓದುವುದೂ ದೂರದರ್ಶನ ನೋಡುವುದೂ ಉದಾಹರಣೆಗಳಾಗಿವೆ. ಪತ್ರಿಕೆ ಬಾರದ ಮನೆಯಲ್ಲಿ ಅದರಿಂದ ಏನು ತಿಳಿದೀತು? ಒಲೆಯ ಮೇಲಿಟ್ಟ ಹಾಲು ಉಕ್ಕಿಹೋದುದೂ ಗೊತ್ತಾಗದಷ್ಟು ಮನಸ್ಸು ಎಲ್ಲಿಗೋ ಹೋಗುತ್ತದೆಯೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡು ವಾರವೆಂಬ ಅವಧಿಯನ್ನು ‘ಅಮಾವಾಸ್ಯೆಯಿಂದ ಹುಣ್ಣಿಮೆಗೆ’ ಎಂದು ಹೇಳಿದರೆ ಅಜ್ಜಿಗೂ ತಿಳಿಯುತ್ತದೆ, ಮೊಮ್ಮಗಳಿಗೂ ತಿಳಿಯುತ್ತದೆ. ಆದರೆ ಹೀಗೆ ಉದಾಹರಣೆಗಳನ್ನು ಬದಲಾಯಿಸಿದ ಮೇಲೆ ಆ ಪ್ರಶ್ನಾವಳಿ ಮೊದಲಿನಂತೆಯೇ ಸರಿಯಾಗಿ ಅಳೆಯುತ್ತದೆಯೆ ಎಂಬುದನ್ನು ಮತ್ತೆ ಪರೀಕ್ಷಿಸಿ ನೋಡಬೇಕು. ತಕ್ಕಡಿಯ ಬಟ್ಟನ್ನು ಬದಲಾಯಿಸಿದವನು ತೂಕವನ್ನು ಸರಿನೋಡದೆ ವ್ಯಾಪಾರಕ್ಕೆ ಕೂರುವುದುಂಟೆ?

ಪದಗಳ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ‘ಖಿನ್ನತೆ’ ಎಂಬುದು ಪುಸ್ತಕದ ಮಾತು. ಅದನ್ನು ಯಾವ ಹುಡುಗಿಯೂ ತನ್ನ ಗೆಳತಿಯೊಡನೆ ಆಡುವುದಿಲ್ಲ. ಅವಳು ಆಡುವ ಮಾತು ‘ಬೇಜಾರು’. ಆದರೆ ಬಸ್ಸು ತಡವಾದರೂ ಬೇಜಾರು, ಪಾಠ ಹಿಡಿಸದಿದ್ದರೂ ಬೇಜಾರು, ತಂಗಿಯೊಡನೆ ಜಗಳವಾದರೂ ಬೇಜಾರು. ಒಂದು ಪದ ತೀರ ದೂರ, ಇನ್ನೊಂದು ತೀರ ಸಡಿಲ. ಇವೆರಡರ ನಡುವೆ ಈ ಸೀಮೆಯ ಜನ ನಿಜವಾಗಿ ಹೇಳಿಕೊಳ್ಳುವ ಮಾತುಗಳಿವೆ: ಎದೆಯ ಮೇಲೆ ಕಲ್ಲು ಇಟ್ಟಂಗಾಯ್ತದೆ, ಊಟ ಸೇರಾಕಿಲ್ಲ, ನಿದ್ದೆ ಹತ್ತಾಕಿಲ್ಲ, ಯಾರೂ ಮಾತಾಡಿಸ್ಬಾರ್ದು ಅನ್ನಿಸ್ತದೆ. ಕೆಲವರು ಮನಸ್ಸಿನ ಮಾತನ್ನೇ ಎತ್ತುವುದಿಲ್ಲ. ತಲೆನೋವು, ಹೊಟ್ಟೆನೋವು, ಸುಸ್ತು ಎಂದು ಮಾತ್ರ ಹೇಳುತ್ತಾರೆ. ಮನಸ್ಸಿನ ನೋವು ಹೀಗೆ ಮೈಯ ನೋವಾಗಿ ಹೊರಬರುವುದನ್ನು ವೈದ್ಯರು ಬಲ್ಲರು. ಆದುದರಿಂದ ಹಳ್ಳಿಗೆ ಹೋಗುವ ಸಾಧನವು ನಿಘಂಟಿನಿಂದಲ್ಲ, ಜಗಲಿಯಿಂದ ತನ್ನ ಪದಗಳನ್ನು ಆರಿಸಿಕೊಳ್ಳಬೇಕು.

ಇನ್ನು ಸಂಬೋಧನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ‘ನೀನು’ ಎನ್ನಬೇಕೆ, ‘ನೀವು’ ಎನ್ನಬೇಕೆ? ಹದಿನಾಲ್ಕು ವರ್ಷದ ಹುಡುಗಿಯನ್ನು ಊರಿನಲ್ಲಿ ಯಾರೂ ‘ನೀವು’ ಎನ್ನುವುದಿಲ್ಲ. ಫೋನು ಹಾಗೆ ಕರೆದರೆ ಯಾವುದೋ ಕಚೇರಿಯ ನೋಟೀಸು ಬಂದಂತಾಗುತ್ತದೆ. ‘ನೀನು’ ಎಂದರೆ ಅಕ್ಕನ ಮಾತಿನಂತೆಯೂ ಕೇಳಬಹುದು, ಗದರಿಕೆಯಂತೆಯೂ ಕೇಳಬಹುದು. ಅದು ಧ್ವನಿಯನ್ನು ಅವಲಂಬಿಸಿದೆ. ಇದು ಸಣ್ಣ ಮಾತೆಂದು ಕಂಡೀತು. ಆದರೆ ಮನಸ್ಸು ಬಿಚ್ಚುವುದೂ ಮುಚ್ಚುವುದೂ ಇಂಥ ಸಣ್ಣ ಮಾತುಗಳಿಂದಲೇ. ಉಸಿರಾಟದ ಅಭ್ಯಾಸ ಮಾಡಿಸುವಾಗ ಸಮುದ್ರದ ದಡವನ್ನು ನೆನೆಯಿರಿ ಎನ್ನುವ ಆ್ಯಪುಗಳಿವೆ. ನಮ್ಮ ಹುಡುಗಿಗೆ ಸಮುದ್ರ ತಿಳಿಯದೆಂದಲ್ಲ. ಸಿನಿಮಾದಲ್ಲಿ ನೂರು ಸಲ ನೋಡಿರುತ್ತಾಳೆ. ಆದರೂ ಕಪಿಲೆಯ ಸೋಪಾನದ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟ ನೆನಪು ಅವಳದೇ ಆದ ನೆನಪು.

ಹೆಸರಿನ ಮಹತ್ವವನ್ನು ತೋರಿಸುವ ಪ್ರಸಂಗವೊಂದು ಆಫ್ರಿಕದ ಜಿಂಬಾಬ್ವೆ ದೇಶದಲ್ಲಿ ನಡೆಯಿತು. ಅಲ್ಲಿ ಮನೋವೈದ್ಯರ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರ ಸುಮಾರಿನಲ್ಲಿ, ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚು ಹಾಕಿಸಿ, ಕಷ್ಟವಿರುವವರು ಅಜ್ಜಿಯ ಪಕ್ಕದಲ್ಲಿ ಕುಳಿತು ಮಾತನಾಡುವಂತೆ ಮಾಡಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂಬ ಹೆಸರಿತ್ತು. ಅದರ ಮೇಲೆ ಕುಳಿತುಕೊಳ್ಳಲು ಜನ ಹಿಂಜರಿದರು. ಅಜ್ಜಿಯರು ಆ ಹೆಸರು ಸಲ್ಲದೆಂದರು. ಅದು ‘ಗೆಳೆತನದ ಬೆಂಚು’ ಆದ ಮೇಲೆ ಜನ ಬಂದು ಕುಳಿತರು. ಖಿನ್ನತೆಯೆಂಬ ವೈದ್ಯಶಾಸ್ತ್ರದ ಮಾತನ್ನು ಬಿಟ್ಟು, ಶೋನ ಭಾಷೆಯಲ್ಲಿ ‘ಅತಿಯಾಗಿ ಯೋಚಿಸುವುದು’ ಎಂಬ ಅರ್ಥದ ‘ಕುಫುಂಗಿಸಿಸ’ ಎಂಬ ಮನೆಮಾತನ್ನೇ ಅಲ್ಲಿ ಬಳಸಿದರು. ಈ ಉಪಾಯದಿಂದ ರೋಗಿಗಳ ಕಷ್ಟ ನಿಜವಾಗಿಯೂ ಇಳಿಯಿತೆಂಬುದನ್ನು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ನಮ್ಮೂರಿನ ಅರಳಿಕಟ್ಟೆಯನ್ನೂ ಹಾಗೆಯೇ ಬಳಸಬಹುದಲ್ಲವೆ ಎಂದು ಯಾರಾದರೂ ಕೇಳಿಯಾರು. ಅರಳಿಕಟ್ಟೆಯ ಮೇಲೆ ಸಂಜೆ ಯಾರು ಕುಳಿತಿರುತ್ತಾರೆಂಬುದನ್ನು ಒಮ್ಮೆ ನೆನೆದುಕೊಂಡರೆ, ಹುಡುಗಿಯರಿಗೆ ಬೇರೆ ಜಾಗ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಭಾಷೆ ಸರಿಹೋಯಿತೆನ್ನೋಣ. ಫೋನು ಯಾರದು? 2023ರಲ್ಲಿ ‘ಅಸರ್’ ಎಂಬ ಶೈಕ್ಷಣಿಕ ಸಮೀಕ್ಷೆಯು ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ವಿಚಾರಿಸಿತು. ಕರ್ನಾಟಕದಿಂದ ಅದು ಆರಿಸಿಕೊಂಡ ಜಿಲ್ಲೆ ಮೈಸೂರೇ. ದೇಶದ ಒಟ್ಟು ಫಲಿತಾಂಶದ ಪ್ರಕಾರ, ಹತ್ತರಲ್ಲಿ ಒಂಬತ್ತು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನು ಇತ್ತು. ಆದರೆ ಅದನ್ನು ಬಳಸಬಲ್ಲವರ ಪೈಕಿ ತಮ್ಮದೇ ಆದ ಫೋನು ಉಳ್ಳ ಹುಡುಗರು ಶೇಕಡ 43.7; ಹುಡುಗಿಯರು ಶೇಕಡ 19.8. ಎಂದರೆ ಮನೆಯಲ್ಲಿ ಫೋನಿದೆ, ಹುಡುಗಿಯ ಕೈಯಲ್ಲಿಲ್ಲ. ಅಪ್ಪ ಹೊಲದಿಂದ ಬಂದ ಮೇಲೆ, ಅಣ್ಣ ಕ್ರಿಕೆಟ್ಟು ನೋಡಿ ಮುಗಿಸಿದ ಮೇಲೆ, ಪಾಠದ ನೆಪದಲ್ಲಿ ಅರ್ಧ ಗಂಟೆ ಅವಳಿಗೆ ಸಿಕ್ಕಬಹುದು. ಪಟ್ಟಣದಲ್ಲಿ ಸ್ವಂತ ಫೋನಿರುವವರಿಗಾಗಿ ಮಾಡಿದ ಆ್ಯಪು ಇದನ್ನು ಅರಿಯದು. ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂಬ ಅದರ ಸಂದೇಶವು ಅಣ್ಣನ ಕೈಯಲ್ಲಿ ಫೋನಿರುವಾಗ ತೆರೆಯ ಮೇಲೆ ಮೂಡಿದರೆ ಆ ಹುಡುಗಿಯ ಗತಿಯೇನು? ಗುಪ್ತಸಂಖ್ಯೆ ಹಾಕಿ ಬೀಗ ಮಾಡಬಹುದೆನ್ನುತ್ತಾರೆ. ಹಂಚಿಕೊಂಡ ಫೋನಿನಲ್ಲಿ ಬೀಗ ಹಾಕಿದ ಒಂದು ಮೂಲೆ ಇದೆಯೆಂಬುದೇ ಸಂಶಯಕ್ಕೆ ಸಾಕು. ಅವಳು ಇನ್ನಾವುದನ್ನೋ ಬಚ್ಚಿಡುತ್ತಿದ್ದಾಳೆಂದು ಮನೆಯವರು ತಿಳಿದಾರು.

ಆದುದರಿಂದ ಹಳ್ಳಿಗೆ ಹೊಂದಿಸುವವರು ಮೊದಲು ಮಾಡಬೇಕಾದುದು ತೆಗೆದುಹಾಕುವ ಕೆಲಸ. ತಾನಾಗಿ ಮೂಡುವ ಸಂದೇಶಗಳನ್ನು ತೆಗೆಯಬೇಕು. ಬರೆದುದು, ಹೇಳಿದುದು ಫೋನಿನಲ್ಲಿ ಉಳಿಯದಂತೆ ಮಾಡಬೇಕು. ಸಿಗ್ನಲ್ ಇಲ್ಲದ ಮನೆಯಲ್ಲಿಯೂ, ರೀಚಾರ್ಜ್ ಮುಗಿದ ದಿನವೂ ಅದು ನಡೆಯಬೇಕು. ಅರ್ಧ ಗಂಟೆಯ ಪಾಠವನ್ನು ಐದೈದು ನಿಮಿಷದ ತುಣುಕು ಮಾಡಬೇಕು. ಏಕೆಂದರೆ ಅಷ್ಟರಲ್ಲಿ ಯಾರಾದರೂ ಕರೆದೇ ಕರೆಯುತ್ತಾರೆ. ಇದಕ್ಕಿಂತಲೂ ಒಳ್ಳೆಯದೆಂದು ನನಗೆ ತೋರುವುದು, ಮನೆಯ ಫೋನನ್ನೇ ನೆಚ್ಚದಿರುವುದು. ಗೋವೆಯ ಆಟವನ್ನು ಮಕ್ಕಳು ಮನೆಯಲ್ಲಿ ಆಡಲಿಲ್ಲ. ಶಾಲೆಯಲ್ಲಿ ಸಲಹೆಗಾರರು ಫೋನನ್ನು ಅವರ ಕೈಗೆ ಕೊಟ್ಟು, ಜೊತೆಯಲ್ಲಿದ್ದು ಆಡಿಸಿದರು. ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ‘ಆತ್ಮೀಯತಾ’ ಎಂಬ ಯೋಜನೆಯ ಸ್ವಯಂಸೇವಕರು ತಮ್ಮ ಫೋನಿನಲ್ಲಿ ಸಣ್ಣ ಚಲನಚಿತ್ರಗಳನ್ನು ಊರಿನವರಿಗೆ ತೋರಿಸಿ, ಅದರಿಂದ ಮಾತು ಆರಂಭಿಸಿದರು. ನಮ್ಮಲ್ಲಿಯೂ ಶಾಲೆಗಳಿವೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿವೆ. ಹುಡುಗಿಯರಿಗೆಂದೇ ವಾರದಲ್ಲಿ ಒಂದೆರಡು ಗಂಟೆ ಅಲ್ಲಿನ ಒಂದು ಕೋಣೆಯೂ ಒಂದು ಟ್ಯಾಬ್ಲೆಟ್ಟೂ ದೊರೆತರೆ, ಸಾವಿರ ಫೋನುಗಳಿಗೆ ಆ್ಯಪು ಹಾಕಿಸಿದೆವೆಂಬ ಲೆಕ್ಕಕ್ಕಿಂತ ಅದು ಮೇಲು.

ಇವೆಲ್ಲ ಸರಿಯಾಗಿದೆಯೆ ಎಂದು ನಿರ್ಣಯಿಸುವವರು ಯಾರು? ಬೆಂಗಳೂರಿನ ತಂತ್ರಜ್ಞರೂ ಅಲ್ಲ, ಊರಿನ ಹಿರಿಯರೂ ಅಲ್ಲ. ಬಳಸಬೇಕಾದ ಹುಡುಗಿಯರೇ ಅದರ ಪರೀಕ್ಷಕರು. ಅವರನ್ನು ಆರೇಳು ಜನರ ಗುಂಪಾಗಿ ಕೂರಿಸಿ, ಒಂದೊಂದು ಪ್ರಶ್ನೆಯನ್ನೂ ಓದಿಸಿ, ‘ಇದನ್ನು ನಿನ್ನ ಗೆಳತಿಗೆ ನೀನು ಹೇಗೆ ಕೇಳುತ್ತೀಯೆ?’ ಎಂದು ವಿಚಾರಿಸಬೇಕು. ಅವರು ನಕ್ಕ ಕಡೆ ಪದ ತಪ್ಪಿದೆಯೆಂದೂ, ಮೌನವಾದ ಕಡೆ ನೋವು ತಾಗಿದೆಯೆಂದೂ ಗುರುತು ಹಾಕಿಕೊಳ್ಳಬೇಕು. ತಾಯಂದಿರನ್ನೂ ಬೇರೆಯಾಗಿ ಕೇಳಬೇಕು. ಅವರ ಒಪ್ಪಿಗೆಯಿಲ್ಲದೆ ಯಾವುದೂ ನಡೆಯದು. ಕಾನೂನೂ ಇದಕ್ಕೆ ಸಂಬಂಧಿಸಿದೆ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಸಮ್ಮತಿ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಚಿಕಿತ್ಸೆಯ ವಿವರಗಳು ಗುಟ್ಟಾಗಿ ಉಳಿಯುವುದು ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಎರಡೂ ಮಕ್ಕಳ ಹಿತಕ್ಕಾಗಿ ಆದುವೇ. ಆದರೂ, ಕಷ್ಟದ ಮೂಲ ಮನೆಯಲ್ಲಿಯೇ ಇರುವ ಹುಡುಗಿಯು ಆ ಕಷ್ಟವನ್ನು ಹೇಳಿಕೊಳ್ಳಲು ಆ ಮನೆಯವರ ಸಹಿಯನ್ನೇ ತರಬೇಕಾಗಿ ಬಂದಾಗ ಏನು ಮಾಡಬೇಕೆಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ಸಾಧನದ ಹಿಂದೆ ಮನುಷ್ಯರು ಇರಲೇಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ಮೇಲೆ ಹೇಳಿದ ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆಯು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದನ್ನು ಕುರಿತದ್ದು. ಹಾಗೆ ಕೇಳುವುದರಿಂದ ಕೇಡಿಲ್ಲ. ಕೇಳಿದಾಗ ಎಷ್ಟೋ ಮಂದಿಗೆ ಮನಸ್ಸು ಹಗುರವಾಗುತ್ತದೆ. ಆದರೆ ಒಬ್ಬ ಹುಡುಗಿ ರಾತ್ರಿ ಒಂಬತ್ತು ಗಂಟೆಗೆ ‘ಹೌದು’ ಎಂದು ಉತ್ತರಿಸಿದರೆ, ಆ ‘ಹೌದು’ ಎಂಬುದನ್ನು ಕೂಡಲೇ ಕೇಳಿಸಿಕೊಂಡು ಅವಳನ್ನು ಮಾತನಾಡಿಸುವವರು ಯಾರಾದರೂ ಇರಬೇಕು. ಇಲ್ಲದಿದ್ದರೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಆ ಯಂತ್ರಕ್ಕಿಲ್ಲ. ಯಂತ್ರವೇ ಸಲಹೆ ಕೊಡಲಿ ಎನ್ನುವವರು ಅಮೆರಿಕದಲ್ಲಿ ನಡೆದುದನ್ನು ನೋಡಬಹುದು. ಊಟದ ವಿಷಯದಲ್ಲಿ ಮನೋರೋಗವುಳ್ಳವರಿಗೆ ನೆರವಾಗುವ ಅಲ್ಲಿನ ಒಂದು ಸಂಸ್ಥೆಯ ‘ಟೆಸ್ಸಾ’ ಎಂಬ ಮಾತಿನ ಯಂತ್ರವು, ಊಟ ಬಿಟ್ಟು ಸೊರಗುತ್ತಿದ್ದವರಿಗೆ ತೂಕ ಇಳಿಸುವ ಉಪಾಯಗಳನ್ನು ಹೇಳಿತೆಂಬ ದೂರು ಬಂದು, 2023ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಯಂತ್ರದ ಮಿತಿಯನ್ನು ಹೇಳುವಾಗ ಮನಸ್ಸಿನ ಚಿಕಿತ್ಸೆಯ ಮಿತಿಯನ್ನೂ ಹೇಳಬೇಕಾಗುತ್ತದೆ. ಓದು ಬಿಡಿಸಿ ಮದುವೆ ಮಾಡಲು ಹೊರಟಿರುವ ಮನೆಯ ಹುಡುಗಿ ಅಳುತ್ತಿದ್ದರೆ, ಅವಳಿಗೆ ದೀರ್ಘವಾಗಿ ಉಸಿರೆಳೆದುಕೋ ಎಂದು ಕಲಿಸುವುದು ಚಿಕಿತ್ಸೆಯಲ್ಲ. ಅವಳ ಅಳುವನ್ನು ಅಡಗಿಸುವ ಉಪಾಯ. ಅವಳಿಗೆ ಬೇಕಾದುದು ಬಾಲ್ಯವಿವಾಹ ನಿಷೇಧದ 2006ರ ಕಾಯಿದೆ, ಮಕ್ಕಳ ಸಹಾಯವಾಣಿ 1098, ಮತ್ತು ಮನೆಗೆ ಬಂದು ತಂದೆಯೊಡನೆ ಮಾತನಾಡಬಲ್ಲ ಒಬ್ಬ ಶಿಕ್ಷಕಿ. ಸಂಜೆಯ ಬಸ್ಸು ಇಲ್ಲವೆಂದು ಕಾಲೇಜು ಬಿಟ್ಟವಳಿಗೆ ಬೇಕಾದುದು ಬಸ್ಸು. ಒಳ್ಳೆಯ ಸಾಧನವು ಕೇಳಿಸಿಕೊಂಡ ಕಷ್ಟಗಳನ್ನು, ಹೇಳಿದವಳ ಹೆಸರನ್ನು ಬಿಟ್ಟು, ಪಂಚಾಯಿತಿಗೂ ಶಾಲೆಗೂ ಮುಟ್ಟಿಸಬಲ್ಲುದಾದರೆ ಅದರ ಉಪಯೋಗ ಇಮ್ಮಡಿಯಾಗುತ್ತದೆ.

ಸ್ಮಾರ್ಟ್‌ಫೋನಿಲ್ಲದೆ, ಇಂಟರ್ನೆಟ್ಟಿಲ್ಲದೆ, ಗುಂಡಿಯೊತ್ತುವ ಸಾದಾ ಫೋನಿನಿಂದಲೂ ತಲಪಬಹುದಾದ ಒಂದು ಸೌಲಭ್ಯ ಈಗಾಗಲೇ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಲ್ಲಿ, ಬೆಂಗಳೂರಿನಲ್ಲಿ ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ಉದ್ಘಾಟಿಸಿದರು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ, ಕನ್ನಡವನ್ನು ಆರಿಸಿಕೊಂಡರೆ, ತರಬೇತಿ ಪಡೆದ ಸಲಹೆಗಾರರು ಮಾತನಾಡುತ್ತಾರೆ. ಅವಶ್ಯವಾದರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಕರೆಗೆ ಹಣವಿಲ್ಲ. ಕರೆಯಲ್ಲಿ ‘ಖಿನ್ನತೆ’ ಎಂದೇ ಹೇಳಬೇಕಾಗಿಲ್ಲ. ನಿದ್ದೆ ಹತ್ತಾಕಿಲ್ಲ ಎಂದು ಆರಂಭಿಸಿದರೆ ಸಾಕು. ಮನೆಯಿಂದ ಕರೆ ಮಾಡಲಾಗದವರು ನಂಬಿಕೆಯ ಶಿಕ್ಷಕಿಯ ಅಥವಾ ಆಶಾ ಕಾರ್ಯಕರ್ತೆಯ ಫೋನಿನಿಂದ ಮಾಡಬಹುದು. ಏಕೆಂದರೆ ಕರೆ ಮುಗಿದ ಮೇಲೂ ಆ ಐದು ಅಂಕಿಗಳು ಫೋನಿನ ಪಟ್ಟಿಯಲ್ಲಿ ಉಳಿದಿರುತ್ತವೆ. ಅವನ್ನು ಅಳಿಸುವುದು ಹೇಗೆಂಬುದನ್ನೂ ಹುಡುಗಿಯರಿಗೆ ಹೇಳಿಕೊಡಬೇಕಾಗಿದೆ.